ದಾದರಿನ ಕೆಳಗಿನ ಖಾಡಿ

ದಾದರ್ ಎಂದರೆ ಮರಾಠಿಯಲ್ಲಿ ಮೆಟ್ಟಿಲು. ಸಣ್ಣ ಸೇತುವೆಗೂ ಆ ಮಾತು ಉಂಟು. ದಿನವೂ ಲಕ್ಷಾಂತರ ಜನ ರೈಲು ಬದಲಿಸುವ, ಪಾದಚಾರಿ ಸೇತುವೆ ಹತ್ತಿಳಿಯುವುದರಲ್ಲೇ ಅರ್ಧ ಆಯುಷ್ಯ ಕಳೆಯುವ ಊರಿಗೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು ಎಂದು ಇಲ್ಲಿ ಮನೆ ಮಾಡಿದ ಹೊಸತರಲ್ಲಿ ನಾವು ನಗುತ್ತಿದ್ದೆವು. ಆದರೆ ಹೆಸರು ರೈಲಿಗಿಂತ ಹಳೆಯದು. ಮೆಟ್ಟಿಲೋ ಸೇತುವೆಯೋ ಇತ್ತೆಂದರೆ ದಾಟುವುದಕ್ಕೆ ಏನಾದರೂ ಇದ್ದಿರಬೇಕಲ್ಲ. ಇದ್ದದ್ದು ನೀರು.

ಮುಂಬಯಿ ಏಳು ದ್ವೀಪಗಳನ್ನು ಜೋಡಿಸಿ ಕಟ್ಟಿದ ಊರು ಎಂಬುದು ಇಲ್ಲಿನ ಶಾಲೆಯ ಮಕ್ಕಳಿಗೆ ಬಾಯಿಪಾಠ. ನನ್ನ ಮಗಳು ಕೊಲಾಬಾದಿಂದ ಮಾಹಿಮ್‌ವರೆಗೆ ಏಳೂ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದಾಗ ನನಗೆ ತೊಡಕೆನಿಸಿದ್ದು ಆ ಖಚಿತ ಲೆಕ್ಕ. ನಾನು ಕುಮಟೆಯ ಕಡೆಯವನು. ಅಘನಾಶಿನಿಯ ಅಳಿವೆ ನೋಡಿ ಬೆಳೆದವನಿಗೆ ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಹೊತ್ತು ನೋಡಿ ಹೇಳಬೇಕಾದ ಮಾತು. ಬೆಳಿಗ್ಗೆ ಹೆಂಗಸರು ಕೂತು ಬಳಚು ಹೆಕ್ಕಿದ ಜಾಗದ ಮೇಲೆ ಮಧ್ಯಾಹ್ನ ದೋಣಿ ಹೋಗುತ್ತದೆ. ಹಳೆಯ ಮುಂಬಯಿಯೂ ಹಾಗೇ ಇತ್ತು. ಭರತಿಯಲ್ಲಿ ದ್ವೀಪಗಳು, ಇಳಿತದಲ್ಲಿ ಕೆಸರು, ಕಾಂಡ್ಲ, ಅಲ್ಲಲ್ಲಿ ಕಾಲುಹಾದಿ. ಪಾಯಧುನಿ ಎಂದರೆ ಕಾಲು ತೊಳೆಯುವ ಜಾಗ, ಕೆಸರು ತುಳಿದು ದಾಟಿ ಬಂದವರು ಕಾಲು ತೊಳೆದುಕೊಂಡು ಪೇಟೆಗೆ ಹತ್ತುತ್ತಿದ್ದ ಸ್ಥಳ. ಉಮರಖಾಡಿ ಎಂದರೆ ಅತ್ತಿಮರದ ಖಾಡಿ. ಖಾಡಿಯೆಂದರೆ ಸಮುದ್ರದ ಉಪ್ಪುನೀರು ಒಳನಾಡಿಗೆ ಚಾಚುವ ಕವಲು. ಇಂದು ಈ ಎರಡು ಕಡೆಯೂ ನಿಂತರೆ ಸಮುದ್ರದ ಗಾಳಿ ಕೂಡ ತಾಗುವುದಿಲ್ಲ.

ಈ ಉಬ್ಬರವಿಳಿತದ ಮೇಲೆ ಒಮ್ಮೆ ರಾಜಕಾರಣವೇ ನಡೆದುಹೋಗಿದೆ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಮುಂಬಯಿಯನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ಗೆ ಬಳುವಳಿಯಾಗಿ ಕೊಟ್ಟರು. ಕೊಟ್ಟದ್ದು ಮುಂಬಯಿ ದ್ವೀಪ ಮಾತ್ರ, ಮಾಹಿಮ್ ಬೇರೆ ಎಂಬುದು ಅವರ ವಾದ. 1665ರಲ್ಲಿ ಅಧಿಕಾರ ವಹಿಸಿಕೊಂಡ ಹಂಫ್ರಿ ಕುಕ್ ಎಂಬಾತ ಇದಕ್ಕೆ ಒಪ್ಪಲಿಲ್ಲ. ಇಳಿತದ ಹೊತ್ತಿಗೆ ಮುಂಬಯಿಯಿಂದ ಮಾಹಿಮ್‌ಗೆ ನಡೆದೇ ಹೋಗಬಹುದು, ಅಂದಮೇಲೆ ಎರಡೂ ಒಂದೇ ದ್ವೀಪ ಎಂದು ಹೇಳಿ ಮಾಹಿಮನ್ನು ವಶಪಡಿಸಿಕೊಂಡ. ಆರು ತಾಸು ಬಿಟ್ಟು ವಾದ ಮಾಡಿದ್ದರೆ ಸೋಲುತ್ತಿದ್ದನೇನೋ. ಪೋರ್ಚುಗೀಸರಿಗೆ ನಮ್ಮ ದಾದರು ಆಗ ಕೆಳ ಮಾಹಿಮ್. 1596ರಲ್ಲಿ ಅವರು ಸ್ಥಾಪಿಸಿದ ಚರ್ಚು ಇಲ್ಲಿ ಈಗಲೂ ಇದೆ. ಕಟ್ಟಡ ಮಾತ್ರ ಚಾರ್ಲ್ಸ್ ಕೊರಿಯಾ 1970ರ ದಶಕದಲ್ಲಿ ಹೊಸದಾಗಿ ಕಟ್ಟಿಸಿದ್ದು.

ದಾದರಿನಲ್ಲಿ ಇಂದು ದೋಣಿ ಹತ್ತುವಂತಿಲ್ಲ. ಖಾಡಿಯನ್ನು ಖಾಡಿಯಾಗಿಯೇ ನೋಡಬೇಕೆಂದರೆ, ಜೊತೆಗೆ ವಿವರಿಸಿ ಹೇಳುವವರೂ ಬೇಕೆಂದರೆ, ನಗರದ ಇನ್ನೊಂದು ಬದಿಗೆ ಹೋಗಬೇಕು. ದಾದರಿನಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಅಲ್ಲಿ ಅರಣ್ಯ ಇಲಾಖೆಯ ಕಾಂಡ್ಲ ವಿಭಾಗದ ಕೇಂದ್ರದಿಂದ ಠಾಣೆ ಖಾಡಿಯೊಳಗೆ ದೋಣಿಗಳು ಹೋಗುತ್ತವೆ, ಮುಖ್ಯವಾಗಿ ಫ್ಲೆಮಿಂಗೊ ತೋರಿಸಲು. ಈ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ದೋಣಿ ಬಿಡುವ ಹೊತ್ತನ್ನು ಆಫೀಸು ನಿರ್ಧರಿಸುವುದಿಲ್ಲ, ಭರತಿ ನಿರ್ಧರಿಸುತ್ತದೆ. ಪ್ರತಿ ದಿನ ಮುಕ್ಕಾಲು ತಾಸು, ಐವತ್ತು ನಿಮಿಷ ಮುಂದಕ್ಕೆ ಸರಿಯುವ ಈ ವೇಳಾಪಟ್ಟಿ ನೋಡಿ, ಇಪ್ಪತ್ತು ವರ್ಷ ಪ್ರಾಜೆಕ್ಟ್ ಪ್ಲಾನ್ ಬರೆದ ನನಗೆ ಸಣ್ಣ ಅಸೂಯೆಯಾಯಿತು. ಯಾರೂ ಇದನ್ನು ಹಿಂದಕ್ಕೆ ಎಳೆಯಿರಿ ಎಂದು ಕೇಳುವುದಿಲ್ಲ.

ನಾವು ಹೋದದ್ದು ಫೆಬ್ರುವರಿಯ ಒಂದು ಶನಿವಾರ ಮಧ್ಯಾಹ್ನ ಮೂರಕ್ಕೆ. ಮಾರ್ಗದರ್ಶಿ ಕೋಳಿ ಸಮುದಾಯದ ಹುಡುಗ, ಇಪ್ಪತ್ತೈದರೊಳಗಿನವನು, ಮೀನುಗಾರರ ಮನೆಯವನು. ಐರೋಲಿ ಸೇತುವೆಯ ಕೆಳಗೆ ಹಾಯುವಾಗ ನೀರು ಚಹಾದ ಬಣ್ಣದ್ದು, ವಾಸನೆ ಚಹಾದ್ದಲ್ಲ. ಎರಡೂ ದಂಡೆಯಲ್ಲಿ ಕಾಂಡ್ಲ, ಅದರ ಹಿಂದೆ ಭಾಂಡುಪ್ ಕಡೆ ಉಪ್ಪಿನ ಆಗರಗಳು, ಅವುಗಳ ಹಿಂದೆ ಮೂವತ್ತು ನಲವತ್ತು ಮಹಡಿಯ ಕಟ್ಟಡಗಳು. ನೀರು ಇಳಿದು ಮಣ್ಣು ತೋರತೊಡಗಿದಾಗ ಫ್ಲೆಮಿಂಗೊಗಳು ಸಾಲಾಗಿ ಇಳಿದು ತಲೆ ಕೆಳಗೆ ಮಾಡಿ ಪಾಚಿ ಸೋಸಲು ನಿಂತವು. ಈ ಖಾಡಿಗೆ ಕೆಲವು ವರ್ಷ ಒಂದು ಲಕ್ಷಕ್ಕೂ ಮೀರಿ ಬರುತ್ತವಂತೆ. ನಗರದ ಕೊಳೆನೀರು ಬೆಳೆಸಿದ ಪಾಚಿಯೂ ಅವುಗಳನ್ನು ಇಲ್ಲಿ ಹಿಡಿದಿಟ್ಟಿದೆ ಎಂದು ಹುಡುಗ ಸಂಕೋಚವಿಲ್ಲದೆ ಹೇಳಿದ. ಫೋಟೊ ತೆಗೆಯುವವರಿಗೆ ಇದು ಅಷ್ಟು ಹಿಡಿಸಲಿಲ್ಲ.

“ಮೊದಲು ಇಲ್ಲಿ ಅಜ್ಜ ಬಲೆ ಹಾಕಿದರೆ ಮನೆ ನಡೆಯುತ್ತಿತ್ತು ಕಾಕಾ, ಈಗ ಅಪ್ಪ ಬಲೆ ಹಾಕಿದರೆ ಪ್ಲಾಸ್ಟಿಕ್ ಬರುತ್ತದೆ. ನಾನು ಹಕ್ಕಿ ತೋರಿಸುತ್ತೇನೆ” ಎಂದ.

“ಭಾವು, ಇಲ್ಲಿಂದ ಮಾಹಿಮ್‌ಗೆ ದೋಣಿಯಲ್ಲಿ ಹೋಗಬಹುದೇ?” ಎಂದು ಕೇಳಿದೆ.

“ಹೋಗಬಹುದಲ್ಲ. ಕೊಲಾಬಾ ಸುತ್ತಿಕೊಂಡು ಹೋಗಬೇಕು, ಅಷ್ಟೇ!”

ದೋಣಿಯಲ್ಲಿದ್ದವರೆಲ್ಲ ನಕ್ಕರು. ನಕ್ಷೆ ನೋಡಿದರೆ ಈ ಖಾಡಿಗೂ ಮಾಹಿಮ್ ಖಾಡಿಗೂ ನಡುವೆ ಉಳಿದಿರುವುದು ಸಾಯನ್, ಚುನಾಭಟ್ಟಿಯ ಇಷ್ಟು ತಗ್ಗು ನೆಲ. ಮರಾಠಿಯಲ್ಲಿ ಸಾಯನ್ನಿನ ನಿಜ ಹೆಸರು ಶೀವ್, ಅಂದರೆ ಗಡಿ, ನಮ್ಮ ಸೀಮೆ. ಮಾಹಿಮ್ ಕೊಲ್ಲಿಯಿಂದ ಸಾಯನ್ನಿನ ಜೌಗಿನವರೆಗೆ ಹಬ್ಬಿದ ಉಪ್ಪುನೀರು ಇಂಗ್ಲಿಷರ ಮುಂಬಯಿಯನ್ನು ಸಾಷ್ಟಿ ದ್ವೀಪದಿಂದ ಬೇರೆ ಮಾಡಿತ್ತು. ಸಾಷ್ಟಿ ಮೊದಲು ಪೋರ್ಚುಗೀಸರದ್ದು, 1739ರ ನಂತರ ಮರಾಠರದ್ದು. ಹೀಗಾಗಿ ಆ ನೀರು ಕಂಪನಿಗೆ ಕಂದಕವಾಗಿತ್ತು. ಧಾರಾವಿಯಲ್ಲಿ ಗುಡಿಸಲುಗಳ ನಡುವೆ ಇಂದಿಗೂ ನಿಂತಿರುವ ರೀವಾ ಕೋಟೆ, ಜನ ಕಾಲಾ ಕಿಲ್ಲಾ ಎನ್ನುವುದು, ಆ ಕಂದಕದ ಕಾವಲು. 1737ರಲ್ಲಿ ಗವರ್ನರ್ ಜಾನ್ ಹಾರ್ನ್ ಕಟ್ಟಿಸಿದ್ದೆಂದು ಅದರ ಕಲ್ಲೇ ಹೇಳುತ್ತದೆ. ಮಾಹಿಮ್‌ನಲ್ಲಿ ಒಂದು ಕೋಟೆ, ಸಾಯನ್‌ನಲ್ಲಿ ಒಂದು ಕೋಟೆ. ದಾದರಿಗೆ ಉತ್ತರದಲ್ಲಿ ನೀರಿನುದ್ದಕ್ಕೂ ಕಾವಲೋ ಕಾವಲು.

1774ರಲ್ಲಿ ಇಂಗ್ಲಿಷರು ಸಾಷ್ಟಿಯನ್ನು ಗೆದ್ದರು. ಆಚೆ ದಡವೂ ತಮ್ಮದೇ ಆದಮೇಲೆ ಕಂದಕ ಯಾರಿಗೆ ಬೇಕು? ಅಲ್ಲಿಯವರೆಗೆ ರಕ್ಷಣೆಯಾಗಿದ್ದ ನೀರು ಅಡಚಣೆಯಾಯಿತು. ನನ್ನ ದೃಷ್ಟಿಯಲ್ಲಿ ಮುಂಬಯಿಯ ನೀರಿನ ಚರಿತ್ರೆ ತಿರುಗಿದ್ದು ಇಲ್ಲಿ. ಇಂಜಿನಿಯರಿಂಗಿನ ಸಾಹಸ ಎಂದು ನಾವು ಓದುವುದರ ಹಿಂದೆ ಇದ್ದದ್ದು ಮೊದಲು ಗಡಿಯ ಲೆಕ್ಕ, ಆಮೇಲೆ ನೆಲದ ಬೆಲೆ. ಗವರ್ನರ್ ಡಂಕನ್ 1798ರಿಂದ 1805ರೊಳಗೆ ಸಾಯನ್ನಿನಿಂದ ಕುರ್ಲಾ ಕಡೆಗೆ ಏರಿ ಕಟ್ಟಿಸಿದ. ಮಾಹಿಮ್ ಮತ್ತು ಬಾಂದ್ರಾ ನಡುವೆ ಮಾತ್ರ ದೋಣಿಯೇ ಗತಿಯಾಗಿತ್ತು. ಸರಕಾರ ಹಣ ಬಿಚ್ಚದಿದ್ದಾಗ ಜಮ್‌ಶೇಟ್‌ಜಿ ಜೀಜೀಭಾಯ್ ಅವರ ಹೆಂಡತಿ ಆವಾಬಾಯಿ ಒಂದೂವರೆ ಲಕ್ಷಕ್ಕೂ ಹೆಚ್ಚು ರೂಪಾಯಿ ಕೊಟ್ಟು, ಸುಂಕ ವಸೂಲಿ ಮಾಡಕೂಡದೆಂಬ ಷರತ್ತು ಹಾಕಿ ಏರಿ ಮಾಡಿಸಿದರು. 1845ರಲ್ಲಿ ಅದು ತೆರೆಯಿತು. ದಕ್ಷಿಣದಲ್ಲಿ ಇದಕ್ಕೂ ಮೊದಲೇ, 1780ರ ದಶಕದಲ್ಲಿ, ವರಳಿ ಮತ್ತು ಮಹಾಲಕ್ಷ್ಮಿ ನಡುವಿನ ದೊಡ್ಡ ಕಂಡಿಯನ್ನು ಹಾರ್ನ್‌ಬಿ ಕಟ್ಟೆ ಮುಚ್ಚಿತ್ತು. ಸಮುದ್ರ ಹಿಂದೆ ಸರಿಯಿತು, ಆದರೆ ಒಳಗಿನ ನೆಲ ಏರಲಿಲ್ಲ. ಭರತಿಮಟ್ಟಕ್ಕಿಂತ ತಗ್ಗಾದ ಬಯಲು ತಟ್ಟೆಯಂತೆ ಉಳಿಯಿತು. ನೂರು ವರ್ಷ ಊರಿನ ಕಸ ಸುರಿದು ಅದನ್ನು ತುಂಬಿಸುತ್ತಾ ಹೋದರು.

ನಮ್ಮೂರ ಗಜನಿ ನೆಲವೂ ತಟ್ಟೆಯೇ. ಅಳಿವೆಯ ಅಂಚಿಗೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಬಾಗಿಲಿನ ಜಂತ್ರಡಿ. ಭರತಿ ಬರುವಾಗ ಹಲಗೆ ಮುಚ್ಚುವುದು, ಇಳಿತದಲ್ಲಿ ತೆರೆದು ಗದ್ದೆಯ ಮಳೆನೀರು ಹೊರಬಿಡುವುದು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗದ ಭತ್ತ, ಕೊಯ್ಲಾದಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಗೋವೆಯವರ ಖಜಾನ್, ಕೊಂಕಣದ ಖಾಜಣ, ನಮ್ಮ ಗಜನಿ, ಮೂರೂ ಕಿವಿಗೆ ಒಂದೇ ಮನೆತನದವಾಗಿ ಕೇಳುತ್ತವೆ. ಈ ವ್ಯವಸ್ಥೆಯ ಗುಟ್ಟು ಕಟ್ಟೆಯಲ್ಲಿಲ್ಲ, ಬಾಗಿಲಲ್ಲಿದೆ. ನೀರಿಗೆ ನಿಲ್ಲಲು ಜಾಗ, ಹೊರಡಲು ಹೊತ್ತು, ಎರಡನ್ನೂ ಕೊಡಬೇಕು. ಮುಂಬಯಿ ಕಟ್ಟೆ ಕಟ್ಟಿತು, ನಿಲ್ಲುವ ಜಾಗದ ಮೇಲೆ ಮನೆ ಕಟ್ಟಿತು.

ಮನೆ ಬೇಕಾಗಿದ್ದವರಿಗೆ ಬೇರೆ ದಾರಿಯೂ ಇರಲಿಲ್ಲ, ಅದನ್ನೂ ಹೇಳಬೇಕು. 1896ರಲ್ಲಿ ಪ್ಲೇಗು ಬಂತು. ಗಾಳಿಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು. 1898ರಲ್ಲಿ ಹುಟ್ಟಿದ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟು ಊರನ್ನು ಉತ್ತರಕ್ಕೆ ಹರಡಲು ಹೊರಟು ದಾದರ್, ಮಾಟುಂಗಾ, ಸಾಯನ್ನಿನ ತಗ್ಗು ಗದ್ದೆಗಳನ್ನು ಮಣ್ಣು ಹಾಕಿ ಎತ್ತರಿಸಿತು. ಪಾರ್ಸಿ ಕಾಲೊನಿ, ಹಿಂದೂ ಕಾಲೊನಿ, ಅಗಲ ರಸ್ತೆ, ಮರಗಳ ಸಾಲು ಎಲ್ಲ ಆಮೇಲಿನದು. ದಕ್ಷಿಣದವರು ಮಾಟುಂಗಾದಲ್ಲಿ ನೆಲೆಯೂರಿದ್ದೂ, 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಅಲ್ಲಿ ಬೇರು ಬಿಟ್ಟದ್ದೂ ಆ ಮಣ್ಣಿನ ಮೇಲೆಯೇ. ಅಲ್ಲಿ ಯಕ್ಷಗಾನ ನೋಡಿ, ಹೊರಗೆ ಬಂದು ಫಿಲ್ಟರ್ ಕಾಫಿ ಕುಡಿಯುವಾಗ ಕಾಲಕೆಳಗೆ ಗದ್ದೆಯಿತ್ತು ಎಂದು ಯಾರು ನೆನೆಯುತ್ತಾರೆ? ನಮ್ಮ ಕರಾವಳಿಯ ಹಳೆಯ ತಲೆಮಾರು ಮಂಗಳೂರು, ಕಾರವಾರದಿಂದ ಹಡಗು ಹತ್ತಿ ನೀರಿನ ದಾರಿಯಲ್ಲೇ ಈ ಊರಿಗೆ ಬಂದದ್ದು. ಬಂದವರು ನೆಲೆಸಿದ್ದು ನೀರಿನಿಂದ ಕಸಿದ ನೆಲದಲ್ಲಿ.

ಮಿಠಿಯ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಹಿಂದಿಯವರಿಗೆ ಅದು ಸಿಹಿ, ಮರಾಠಿಯಲ್ಲಿ ಮಿಠಿ ಎಂದರೆ ಅಪ್ಪುಗೆ, ಮೀಠ ಎಂದರೆ ಉಪ್ಪು. ಯಾವ ಅರ್ಥ ಹಿಡಿದರೂ ಇಂದಿನ ನದಿಗೆ ಹೊಂದುವುದಿಲ್ಲ. ವಿಹಾರ್, ಪವಾಯಿ ಕೆರೆಗಳ ಕೋಡಿಯಿಂದ ಹೊರಟು, ವಿಮಾನ ನಿಲ್ದಾಣದ ಬಳಿ ಲಂಬಕೋನದಲ್ಲಿ ತಿರುಗಿಸಲ್ಪಟ್ಟು, ಜೌಗು ತುಂಬಿಸಿ ಕಟ್ಟಿದ ಬಾಂದ್ರಾ–ಕುರ್ಲಾ ಸಂಕೀರ್ಣದ ಪಕ್ಕದಲ್ಲಿ ಸೊರಗಿ ಮಾಹಿಮ್ ಖಾಡಿ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಇಲ್ಲ. ನಾನಾಗ ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗ, ಅಂಧೇರಿಯಿಂದ ದಾದರಿನ ಪೇಯಿಂಗ್ ಗೆಸ್ಟ್ ಕೋಣೆಗೆ ಹದಿನಾರು ತಾಸು ನಡೆದೆ. ಮಾಹಿಮ್ ಏರಿಯ ಮೇಲೆ ನಿಂತಾಗ ಎರಡೂ ಬದಿ ಒಂದೇ ಬಣ್ಣದ ನೀರು. ಏರಿ ಎಂಬ ಮಾತಿನ ಅರ್ಥ ನನಗೆ ಆದದ್ದು ಅಂದು ರಾತ್ರಿ.

ಮಿಠಿಯನ್ನು ಆಮ್‌ಸ್ಟರ್‌ಡ್ಯಾಮಿನಂತೆ ಮಾಡಬೇಕು, ದೋಣಿ ಓಡಿಸಬೇಕು ಎಂಬ ಮಾತು ಆಗಾಗ ಏಳುತ್ತದೆ. ಕೆಲಸದ ಮೇಲೆ ಹೋದವರೆಲ್ಲ ಹತ್ತುವ ಆ ಕಾಲುವೆ ದೋಣಿಯನ್ನು ನಾನೂ ಹತ್ತಿದ್ದೇನೆ, ಕಿವಿಗೆ ಹಾಕಿಕೊಂಡ ಯಂತ್ರ ಹೇಳಿದ ಕತೆ ಕೇಳಿದ್ದೇನೆ. ಹದಿನೇಳನೆಯ ಶತಮಾನದಲ್ಲಿ ಅಗೆದ ಆ ಕಾಲುವೆಗಳಲ್ಲಿ ಕೆಲವನ್ನು ಹತ್ತೊಂಬತ್ತನೆಯದರಲ್ಲಿ ಅವರೂ ಮುಚ್ಚಿ ರಸ್ತೆ ಮಾಡಿದ್ದಾರೆ, ಆ ವಿಷಯದಲ್ಲಿ ನಾವೇನೂ ಒಂಟಿಯಲ್ಲ. ಆದರೆ 1872ರಲ್ಲಿ ಕಟ್ಟಿದ ದ್ವಾರಗಳು ಅಲ್ಲಿಗೆ ಭರತಿ ಬರದಂತೆ ತಡೆದಿವೆ. ನಮ್ಮಲ್ಲಿ ನೀರು ದಿನಕ್ಕೆರಡು ಬಾರಿ ಏರುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿಗೆ ನಾಲ್ಕೂವರೆ ಮೀಟರ್ ದಾಟುತ್ತದೆ. ಮಳೆನೀರಿನ ಚರಂಡಿಗಳ ಬಾಯಿಗಳಲ್ಲಿ ಬಹುಪಾಲು ಆ ಮಟ್ಟಕ್ಕಿಂತ ಕೆಳಗಿವೆ. ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಇಳಿತದ ಹೊತ್ತಿಗೆ ಲೆಕ್ಕ ಹಾಕಿದವು. ಅದನ್ನು 50ಕ್ಕೆ ಏರಿಸಬೇಕೆಂದು ಬ್ರಿಮ್‌ಸ್ಟೊವಾಡ್ ವರದಿ 1993ರಲ್ಲೇ ಹೇಳಿತ್ತು. ಆ ಕೆಲಸ ವೇಗ ಪಡೆದದ್ದು 2005ರ ನಂತರ.

ಎರಡೂ ಒಟ್ಟಿಗೆ ಬಂದ ದಿನ, ಅಂದರೆ ಜೋರು ಮಳೆಗೆ ಸರಿಯಾಗಿ ದೊಡ್ಡ ಭರತಿ, ದಾದರ್ ಮತ್ತು ಪರೇಲ್ ನಡುವಿನ ಹಿಂದಮಾತಾದಲ್ಲಿ ಹಳೆಯ ತಟ್ಟೆ ತುಂಬುತ್ತದೆ. ಚಿತ್ರಮಂದಿರದಿಂದ ಹೆಸರು ಪಡೆದ ಈ ಬಟ್ಟೆ ಅಂಗಡಿಗಳ ನಾಕೆ ಪ್ರತಿ ಜುಲೈಯಲ್ಲಿ ಟೀವಿಯಲ್ಲಿ ಬರುತ್ತದೆ. ಪಂಪು ಹಾಕಿದರು, ರಸ್ತೆ ಎತ್ತರಿಸಿದರು. ಕೊನೆಗೆ 2021ರಿಂದೀಚೆಗೆ ಮಾಡಿದ್ದು ಬೇರೆಯದೇ ಕೆಲಸ: ದಾದರ್ ಪಶ್ಚಿಮದ ಪ್ರಮೋದ್ ಮಹಾಜನ್ ಉದ್ಯಾನದ ಕೆಳಗೂ ಪರೇಲಿನ ಸೇಂಟ್ ಝೇವಿಯರ್ಸ್ ಮೈದಾನದ ಕೆಳಗೂ ದೊಡ್ಡ ತೊಟ್ಟಿಗಳನ್ನು ಅಗೆದರು. ಹಿಂದಮಾತಾದ ನೀರನ್ನು ಕೊಳವೆಯಲ್ಲಿ ಅಲ್ಲಿಗೆ ಒಯ್ದು, ಭರತಿ ಇಳಿಯುವ ತನಕ ಹಿಡಿದಿಟ್ಟು, ಆಮೇಲೆ ಸಮುದ್ರಕ್ಕೆ ಬಿಡುವುದು. ಈ ಯೋಜನೆಯನ್ನು ಪತ್ರಿಕೆಯಲ್ಲಿ ಓದಿದ ದಿನ ಊರಿಗೆ ಫೋನು ಮಾಡಿ ದೊಡ್ಡಪ್ಪನಿಗೆ ವಿವರಿಸಿದೆ. “ಜಂತ್ರಡಿ ಅಂತ ಹೇಳು ಮಾರಾಯ, ಅದಕ್ಕೆ ಇಷ್ಟು ಇಂಗ್ಲಿಷ್ ಯಾಕೆ?” ಎಂದರು.

ಹಿಂದಮಾತಾದಲ್ಲಿ ನಾವು ವರ್ಷಕ್ಕೆರಡು ಬಾರಿ ಬಟ್ಟೆ ಕೊಳ್ಳುವ ಅಂಗಡಿಯ ಸೇಠಜೀಯನ್ನು ತೊಟ್ಟಿ ಬಂದಮೇಲೆ ಹೇಗಿದೆ ಎಂದು ಕೇಳಿದೆ. ನೀರು ಮೊದಲಿಗಿಂತ ಬೇಗ ಇಳಿಯುತ್ತದೆ, ಬರುವುದು ನಿಂತಿಲ್ಲ ಎಂದರು. ಗಲ್ಲಾಪೆಟ್ಟಿಗೆಯ ಹಿಂದೆ, ಲಕ್ಷ್ಮಿಯ ಪಟದ ಕೆಳಗೆ, ಜೂನಿನಿಂದ ಸೆಪ್ಟೆಂಬರ್‌ವರೆಗಿನ ದೊಡ್ಡ ಭರತಿಗಳ ಪಟ್ಟಿ ಅಂಟಿಸಿದ್ದಾರೆ, ಪತ್ರಿಕೆಯಿಂದ ಕತ್ತರಿಸಿದ್ದು. ನಾಲ್ಕೂವರೆ ಮೀಟರ್ ದಾಟುವ ದಿನಗಳಿಗೆ ಕೆಂಪು ಗೆರೆ. ಆ ದಿನ ಕೆಳಗಿನ ಎರಡು ಹಲಗೆಗಳಲ್ಲಿ ಅವರು ಸೀರೆ ಇಡುವುದಿಲ್ಲ.