ಯಾರೂ ಆರಿಸದ ಮುದುಕ

ಬೇಸಿಗೆ ರಜೆಗೆ ಮಗಳು ಮತ್ತು ಮೊಮ್ಮಗ ಝಳಕಿಗೆ ಬಂದಿದ್ದಾಗ ನಡೆದ ಸಂಗತಿಯಿದು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ. ಮೊಮ್ಮಗನು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಅದಕ್ಕೊಂದು ಕಂಟ್ರೋಲರ್ ಜೋಡಿಸಿ, ಹೊಡೆದಾಟದ ಆಟವೊಂದರಲ್ಲಿ ಮುಳುಗಿದ್ದನು. ಅವನ ತಾಯಿ ಅಡುಗೆಮನೆಯಿಂದಲೇ, "ಅಪ್ಪಾ, ನೀವರ ಅವಗ ಒಂದೀಟು ಬುದ್ಧಿ ಹೇಳ್ರಿ, ನನ್ನ ಮಾತು ಕೇಳೂದಿಲ್ಲ" ಎಂದಳು. ಬುದ್ಧಿ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನಿಗೆ ನಿವೃತ್ತಿಯ ನಂತರ ಇಂಥ ಅವಕಾಶಗಳು ಅಪರೂಪ. ಕನ್ನಡಕ ಸರಿಪಡಿಸಿಕೊಂಡು ಅವನ ಪಕ್ಕದಲ್ಲಿ ಕುಳಿತೆನು.

ಪರದೆಯ ಮೇಲೆ ಜಟ್ಟಿಗಳ ಮುಖಗಳು ಸಾಲುಸಾಲಾಗಿ ಇದ್ದವು. ಉಬ್ಬಿದ ತೋಳಿನವರು, ಬೆಂಕಿ ಉಗುಳುವವರು, ಮಿಂಚಿನ ವೇಗದ ತರುಣಿಯರು. ಅವರ ನಡುವೆ ಒಬ್ಬ ಬಿಳಿಗೂದಲ ಮುದುಕ. ನನ್ನ ವಯಸ್ಸಿನವನು ಕಂಡನೆಂದು ಸಹಜವಾಗಿಯೇ ಅವನ ಮೇಲೆ ಬೆರಳಿಟ್ಟೆನು. "ಅಜ್ಜಾ, ಆ ಮುದುಕನ್ನ ಯಾರೂ ತಗೊಳ್ಳಂಗಿಲ್ಲ. ಆದ್ರ ಅವನ್ನ ತಗೊಂಡ ಒಬ್ಬಾಂವ ಜಗತ್ತನ್ನ ಗೆದ್ದಾನ" ಎಂದನು ಮೊಮ್ಮಗ. ಹೇಳಬೇಕೆಂದಿದ್ದ ಬುದ್ಧಿಮಾತು ಅಲ್ಲಿಯೇ ಉಳಿಯಿತು. ಇತಿಹಾಸ ಕಲಿಸಿದವನಿಗೆ ಇಂಥ ವಾಕ್ಯ ಕೇಳಿದ ಮೇಲೆ ಸುಮ್ಮನಿರಲು ಸಾಧ್ಯವೆ? ಅಂದಿನಿಂದ ಓದಿ, ನೋಡಿ, ಮೊಮ್ಮಗನನ್ನು ಕಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟದ ಹೆಸರು ಸ್ಟ್ರೀಟ್ ಫೈಟರ್. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1987ರಲ್ಲಿ ಇದರ ಮೊದಲ ಭಾಗವನ್ನು ಹೊರತಂದಿತು. 1991ರ ಎರಡನೆಯ ಭಾಗ ಜಗತ್ತಿನಾದ್ಯಂತ ಹಬ್ಬಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇದರ ಪರಿಚಯ ನನಗಿಂತ ಚೆನ್ನಾಗಿಯೇ ಇದೆ. ತೊಂಬತ್ತರ ದಶಕದಲ್ಲಿ ಶಾಲೆ ತಪ್ಪಿಸಿ ಸೊಲ್ಲಾಪುರದ ಬಸ್ಸು ಹತ್ತಿ, ನಾಣ್ಯ ಹಾಕಿ ಆಡುವ ಯಂತ್ರಗಳ ಮುಂದೆ ನಿಂತಿದ್ದವರ ಕಿವಿ ಹಿಂಡಿದ್ದು ನನಗೆ ನೆನಪಿದೆ. ಅವರಿಗೂ ನೆನಪಿರಬೇಕು. ಆ ಎರಡನೆಯ ಭಾಗದಲ್ಲಿ ಕೈಕಾಲುಗಳನ್ನು ಗಜಗಟ್ಟಲೆ ಚಾಚುವ ಧಾಲ್ಸಿಮ್ ಎಂಬ ಭಾರತದ ಯೋಗಿಯೂ ಇದ್ದನೆಂಬುದು ನನಗೆ ತಿಳಿದದ್ದು ಈಗ.

ನಮ್ಮ ಮುದುಕನ ಹೆಸರು ಗೆನ್. ಚೀನಾ ದೇಶದವನು, 1987ರ ಮೊದಲ ಆಟದಲ್ಲಿಯೇ ಎದುರಾಳಿಗಳಲ್ಲಿ ಒಬ್ಬನಾಗಿದ್ದನು. 1996ರ ಒಂದು ಭಾಗದಲ್ಲಿ ಮರಳಿ ಬಂದಾಗ ಕಥೆಗಾರರು ಅವನಿಗೆ ವಾಸಿಯಾಗದ ಕಾಯಿಲೆಯೊಂದನ್ನು ಕೊಟ್ಟಿದ್ದರು. ಹಾಸಿಗೆಯಲ್ಲಿ ಸಾಯುವುದಕ್ಕಿಂತ ಸಮಬಲನೊಬ್ಬನ ಕೈಯಲ್ಲಿ ಮಡಿಯುವುದು ಲೇಸೆಂದು ಅವನು ಅಕುಮಾ ಎಂಬ ರಾಕ್ಷಸಸದೃಶ ಯೋಧನನ್ನು ಹುಡುಕಿಕೊಂಡು ಹೋಗುತ್ತಾನೆ; ಮುದುಕನ ರೋಗವನ್ನು ಅರಿತ ಅಕುಮಾ ಕಾಳಗವನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ಕಥೆ ಇಷ್ಟೆ. ಆದರೆ ಈ ಎರಡು ಹೆಸರುಗಳನ್ನು ಓದುಗರು ನೆನಪಿನಲ್ಲಿಡಬೇಕು.

2008ರಲ್ಲಿ ಆಟದ ನಾಲ್ಕನೆಯ ಭಾಗ ಬಂದಿತು. 2009ರಲ್ಲಿ ಮನೆಯಲ್ಲಿ ಆಡುವ ಆವೃತ್ತಿ ಹೊರಬಂದಾಗ ಗೆನ್ ಅದರಲ್ಲಿ ಸೇರಿದನು. ಅವನ ವಿಶೇಷವೆಂದರೆ ಎರಡು ಭಂಗಿಗಳು: ಒಂದು ಮಿಡತೆಯಂಥ ಕೀಟದ ಹೆಸರಿನದು, ಇನ್ನೊಂದು ಕೊಕ್ಕರೆಯ ಜಾತಿಯ ಪಕ್ಷಿಯದು. ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಭಂಗಿ ಬದಲಾಗುತ್ತದೆ. ಭಂಗಿ ಬದಲಾದೊಡನೆ ಅದೇ ಗುಂಡಿಗಳಿಂದ ಬೇರೆಯೇ ಹೊಡೆತಗಳು ಹೊರಡುತ್ತವೆ. ಒಂದರಲ್ಲಿ ಅಂಗೈಗಳ ಸುರಿಮಳೆ. ಇನ್ನೊಂದರಲ್ಲಿ ಗೋಡೆಗೆ ಜಿಗಿದು, ಛಾವಣಿ ಮುಟ್ಟಿ, ಎಲ್ಲಿಂದಲೋ ಎರಗುವ ಒದೆತ. ಬೇರೆ ಪಾತ್ರವನ್ನು ಆರಿಸಿದವನು ಒಂದು ಪಾಠ ಕಲಿತರೆ ಸಾಕು. ಗೆನ್‌ನನ್ನು ಆರಿಸಿದವನು ಎರಡನ್ನು ಕಲಿತು, ಮೂರನೆಯದಾಗಿ ಒಂದರಿಂದ ಇನ್ನೊಂದಕ್ಕೆ ದಾಟುವುದನ್ನೂ ಕಲಿಯಬೇಕು. ಇಷ್ಟು ಶ್ರಮಕ್ಕೆ ತಕ್ಕ ಫಲವಿಲ್ಲವೆಂಬುದು ಬಹುತೇಕ ಆಟಗಾರರ ಮತವಾಗಿತ್ತು.

ಈ ಲೋಕದಲ್ಲಿ ಪಾತ್ರಗಳ ಬಲಾಬಲದ ಪಟ್ಟಿಗಳಿರುತ್ತವೆ. ಸಮಾನ ಕೌಶಲದ ಇಬ್ಬರು ಹತ್ತು ಬಾರಿ ಆಡಿದರೆ ಈ ಪಾತ್ರ ಆ ಪಾತ್ರದ ಎದುರು ಎಷ್ಟು ಸಲ ಗೆಲ್ಲಬಹುದು, ಆರೋ, ನಾಲ್ಕೋ ಎಂದು ಅನುಭವಿಗಳು ಅಂದಾಜು ಮಾಡಿ, ಎಲ್ಲವನ್ನೂ ಕೂಡಿಸಿ ಶ್ರೇಣಿ ಹಾಕುತ್ತಾರೆ. 2012ರ ಆವೃತ್ತಿಯಲ್ಲಿದ್ದ 39 ಪಾತ್ರಗಳಲ್ಲಿ ಕ್ಯಾಮಿ, ಸೇಥ್, ಅಕುಮಾ, ಫೇ ಲಾಂಗ್ ಮೊದಲಾದವರು ಮೇಲಿನ ಸಾಲಿನಲ್ಲಿದ್ದರು. ಗೆನ್ ಆ ಸಾಲಿನವನಲ್ಲ.

ಪಟ್ಟಿಯ ಮಾತು ಬಂದಾಗ ನನಗೆ ನಮ್ಮ ಭಾಗದ ಜಾತ್ರೆಯ ಕುಸ್ತಿಗಳು ನೆನಪಾಗುತ್ತವೆ. ತೆಂಗಿನಕಾಯಿಗೆ ಆಡುವ ಹುಡುಗರ ಕುಸ್ತಿಯಿಂದ ಹಿಡಿದು ಬೆಳ್ಳಿಯ ಕಡೆಗೆ ಆಡುವ ನಿಕಾಲಿ ಕುಸ್ತಿಯವರೆಗೆ ಜೋಡಿ ಹಚ್ಚುವವರು ಹಿರಿಯರು. ಮೈಕಟ್ಟು ನೋಡಿ, ತೊಡೆ ತಟ್ಟುವ ಸದ್ದು ಕೇಳಿ ಇವನಿಗೆ ಇವನೆಂದು ಹೇಳುತ್ತಾರೆ. ಬಹಳ ಹಿಂದೆ ಒಂದು ಊರ ಜಾತ್ರೆಯಲ್ಲಿ ನನ್ನ ತರಗತಿಯ ಸಣಕಲು ಹುಡುಗನೊಬ್ಬ ಲಂಗೋಟಿ ಬಿಗಿದು ಬಂದಿದ್ದನು. ಅವನಿಗೆ ತಿಳಿದಿದ್ದದ್ದು ಒಂದೇ ಪಟ್ಟು. ಎದುರಾಳಿಯ ಕಾಲಿಗೆ ಹೊಂಚಿ ಕೆಳಗಿನಿಂದ ಎತ್ತುವುದು. ಶಾಲೆಯ ಬಯಲಿನಲ್ಲಿ ಅದನ್ನೇ ದಿನವೂ ಮಾಡುತ್ತಿದ್ದನು, ಹುಡುಗರು ನಗುತ್ತಿದ್ದರು. ಹಿರಿಯರು ನನ್ನ ಕಡೆ ತಿರುಗಿ, "ಮಾಸ್ತರ, ಏನಂತೀರಿ?" ಎಂದು ಕೇಳಿದರು. ಬೇಡವೆಂದೆನು. ಅವನ ಎಲುಬು ಮುರಿದೀತೆಂಬ ಭಯವೂ ಇತ್ತು, ನನ್ನ ಅಂದಾಜಿನ ಮೇಲೆ ಅತಿಯಾದ ನಂಬಿಕೆಯೂ ಇತ್ತು. ಕತ್ತಲಾಗುವವರೆಗೂ ಅವನು ಮೈಗೆ ಮಣ್ಣು ಬಳಿದುಕೊಂಡೇ ಅಖಾಡದ ಅಂಚಿನಲ್ಲಿ ಕುಳಿತಿದ್ದನು. ಆಡಿದ್ದರೆ ಗೆಲ್ಲುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದೆನು. ಅವನು ಇದನ್ನು ಓದುತ್ತಿದ್ದರೆ ತನ್ನ ವಿಷಯವೆಂದು ತಿಳಿಯುತ್ತದೆ, ಹೆಸರು ಬೇಡ.

ಇನ್ನು ಗೆನ್‌ನನ್ನು ಆರಿಸಿದವನ ವಿಷಯ. ಅವನು ಸಿಂಗಾಪುರದ ತರುಣ ಹೋ ಕುನ್ ಶಿಯಾನ್. ಆಟದ ವಲಯದಲ್ಲಿ ಶಿಯಾನ್ ಎಂದಷ್ಟೇ ಪರಿಚಿತ. ಈ ಕ್ರೀಡೆಯ ದೊಡ್ಡ ಕೂಟಕ್ಕೆ ಇವೊ ಎಂದು ಹೆಸರು. 1996ರಲ್ಲಿ ಕ್ಯಾಲಿಫೋರ್ನಿಯದಲ್ಲಿ 40 ಆಟಗಾರರ ಸಣ್ಣ ಪಂದ್ಯಾವಳಿಯಾಗಿ ಆರಂಭವಾಗಿ, 2002ರಲ್ಲಿ ಇವೊಲ್ಯೂಶನ್ ಎಂಬ ಹೆಸರು ಪಡೆದು, 2005ರಿಂದ ಲಾಸ್ ವೇಗಸ್ ನಗರದಲ್ಲಿ ನೆಲೆಸಿತು. ಅಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಒಮ್ಮೆ ಸೋತವನಿಗೆ ಇನ್ನೊಂದು ಅವಕಾಶವಿದೆ, ಎರಡನೆಯ ಸಲ ಸೋತರೆ ಮನೆಗೆ. ನಾಲ್ಕನೆಯ ಭಾಗ ಬಂದ ಮೇಲೆ 2009 ಮತ್ತು 2010ರಲ್ಲಿ ಜಪಾನಿನ ಡೈಗೊ ಉಮೆಹರಾ, 2011ರಲ್ಲಿ ಜಪಾನಿನವನೇ ಆದ ಫುಡೊ, 2012ರಲ್ಲಿ ದಕ್ಷಿಣ ಕೊರಿಯದ ಇನ್‌ಫಿಲ್ಟ್ರೇಶನ್ ಎಂಬ ಹೆಸರಿನಲ್ಲಿ ಆಡುವವನು ಗೆದ್ದಿದ್ದರು. ಕಡೆಯ ಇಬ್ಬರ ಪಾತ್ರಗಳು ಫೇ ಲಾಂಗ್ ಮತ್ತು ಅಕುಮಾ. ಪಟ್ಟಿ ಹೇಳಿದಂತೆಯೇ ನಡೆದಿತ್ತು.

2013ರ ಜುಲೈ 14ರಂದು, ಸಾವಿರದ ಐನೂರಕ್ಕೂ ಹೆಚ್ಚು ಸ್ಪರ್ಧಿಗಳಿದ್ದ ಕೂಟದ ಅಂತಿಮ ಪಂದ್ಯದಲ್ಲಿ ಶಿಯಾನ್‌ನ ಎದುರು ಕುಳಿತವನು ಜಪಾನಿನ ಟೊಕಿಡೊ. ಟೋಕಿಯೊ ವಿಶ್ವವಿದ್ಯಾಲಯದ ಪದವೀಧರ, ಲೆಕ್ಕಾಚಾರದ ಆಟಗಾರ. ಅವನ ಪಾತ್ರ ಅಕುಮಾ! 1996ರಲ್ಲಿ ಕಥೆಗಾರರು ಅರ್ಧಕ್ಕೆ ನಿಲ್ಲಿಸಿದ ಕಾಳಗವು ಹದಿನೇಳು ವರ್ಷಗಳ ನಂತರ ಸಾವಿರಾರು ಜನರ ಎದುರು ಪೂರ್ಣಗೊಂಡಂತಾಯಿತು. ಇದನ್ನು ಯಾರೂ ಯೋಜಿಸಿರಲಿಲ್ಲ. ಮುದುಕನೇ ಗೆದ್ದನು.

ಆ ಪಂದ್ಯವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಬೆಳಕು ಮತ್ತು ಕೂಗಾಟದ ಹೊರತು ಏನೂ ತಿಳಿಯಲಿಲ್ಲ. ಎರಡನೆಯ ಸಲ ಮೊಮ್ಮಗ ನಡುನಡುವೆ ನಿಲ್ಲಿಸಿ ವಿವರಿಸಿದನು. ಆಗ ತಿಳಿದದ್ದಿಷ್ಟು: ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದೊಂದನ್ನು ಫ್ರೇಮ್ ಎನ್ನುತ್ತಾರೆ. ಅತಿ ವೇಗದ ಹೊಡೆತ ಮೂರು ಫ್ರೇಮಿನಲ್ಲಿ, ಅಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ತಗಲುತ್ತದೆ. ಮನುಷ್ಯನ ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಆದ್ದರಿಂದ ನೋಡಿ ತಡೆಯುವ ಪ್ರಶ್ನೆಯೇ ಇಲ್ಲ. ಬರುವುದನ್ನು ಮೊದಲೇ ಊಹಿಸಬೇಕು. ಊಹಿಸಲು ಪರಿಚಯ ಬೇಕು. ಪರಿಚಯವಾಗಲು ಆ ಪಾತ್ರವನ್ನು ನೂರಾರು ಸಲ ಎದುರಿಸಿರಬೇಕು. ಯಾರೂ ಆರಿಸದ ಪಾತ್ರವನ್ನು ಎದುರಿಸುವುದಾದರೂ ಎಲ್ಲಿ? ಅಕುಮಾನ ಚಲನವಲನ ಶಿಯಾನ್‌ನಿಗೆ ನಿತ್ಯದ ಪಾಠವಾಗಿತ್ತು. ಒಳ್ಳೆಯ ಕೈಯಲ್ಲಿರುವ ಗೆನ್ ಇತರರಿಗೆ ಅಪರೂಪದ ಅತಿಥಿ. ಪಟ್ಟಿ ಹಾಕುವವರು ಇಬ್ಬರಿಗೂ ಎಲ್ಲವೂ ತಿಳಿದಿದೆಯೆಂದು ಭಾವಿಸಿ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ಅಲ್ಲಿಯೇ.

ಆದರೆ ಇದಷ್ಟೇ ಕಾರಣವೆಂದರೆ ಶಿಯಾನ್‌ನಿಗೆ ಅನ್ಯಾಯವಾಗುತ್ತದೆ. ಅಪರಿಚಿತ ಪಟ್ಟಿನಿಂದ ಒಂದು ಕುಸ್ತಿ ಗೆಲ್ಲಬಹುದು, ಜಾತ್ರೆಯನ್ನೇ ಗೆಲ್ಲಲಾಗದು. ಅಂತಿಮ ಹಂತಕ್ಕೆ ಬರುವಷ್ಟರಲ್ಲಿ ಎದುರಾಳಿಗಳು ಅವನ ಆಟವನ್ನು ನೋಡಿಯೇ ಇರುತ್ತಾರೆ. ಮೂರನೆಯ ಸಲ ನೋಡುವಾಗ ನಾನು ಭಂಗಿ ಬದಲಾಗುವ ಕ್ಷಣಗಳನ್ನಷ್ಟೇ ಗಮನಿಸಿದೆನು. ಬೇರೆಯವರು ಹೊರೆಯೆಂದು ಬಿಟ್ಟಿದ್ದ ಆ ಮೂರು ಗುಂಡಿಗಳು ಅವನಲ್ಲಿ ಉಸಿರಾಟದಂತೆ ಸಹಜವಾಗಿದ್ದವು. ಎರಡು ಪಾಠಗಳ ಹೊರೆಯೇ ಅವನ ಬಂಡವಾಳವಾಗಿತ್ತು.

ಮರುವರ್ಷ ಇದಕ್ಕೆ ಜೊತೆಯೊಂದು ಸಿಕ್ಕಿತು. 2014ರಲ್ಲಿ ಫ್ರಾನ್ಸಿನ ಒಲಿವಿಯೆ ಹೇ, ಲೂಫಿ ಎಂಬ ಹೆಸರಿನವನು, ರೋಸ್ ಎಂಬ ಭವಿಷ್ಯ ಹೇಳುವ ಹೆಂಗಸಿನ ಪಾತ್ರದಿಂದ ಅದೇ ಕಿರೀಟ ಗೆದ್ದನು. ಅವಳ ಆಯುಧ ಕೊರಳ ವಸ್ತ್ರ. ಉಳಿದ ಘಟಾನುಘಟಿಗಳಲ್ಲಿ ಹೆಚ್ಚಿನವರು ದೊಡ್ಡ ಜಾಯ್‌ಸ್ಟಿಕ್ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಆಡುವವರು. ಇವನ ಕೈಯಲ್ಲಿದ್ದದ್ದು ತೊಂಬತ್ತರ ದಶಕದ ಮೊದಲ ಪ್ಲೇಸ್ಟೇಷನ್ನಿನ ಹಳೆಯ ಕಂಟ್ರೋಲರ್. 2015ರಲ್ಲಿ ಮಾತ್ರ ಜಪಾನಿನ ಮೊಮೊಚಿ ಗೆದ್ದನು, ಪಟ್ಟಿಯ ಮೇಲಿನ ಸಾಲಿನ ಪಾತ್ರವನ್ನೇ ಮುಖ್ಯವಾಗಿ ಬಳಸಿ. ಪಟ್ಟಿಗಳು ಸುಳ್ಳೆಂದು ನಾನು ವಾದಿಸಲಾರೆ. ಪರೀಕ್ಷೆಯ ಅಂಕಪಟ್ಟಿಗಳೂ ಸುಳ್ಳಲ್ಲ. ವರ್ಷವರ್ಷವೂ ನಾನೇ ಅವನ್ನು ಬರೆದು ಸಹಿ ಹಾಕಿದ್ದೇನೆ.

ಈ ಗೆಲುವಿನ ನಂತರದ ಕಥೆಯಲ್ಲಿ ನನಗೆ ಬೇಸರ ತಂದ ಸಂಗತಿಯೊಂದಿದೆ. 2016ರಲ್ಲಿ ಐದನೆಯ ಭಾಗ ಬಂದಾಗ ಅದರಲ್ಲಿ ಗೆನ್ ಇರಲಿಲ್ಲ, ರೋಸ್ ಕೂಡ ಇರಲಿಲ್ಲ. ಇಬ್ಬರು ವಿಜೇತರೂ ವರ್ಷಗಟ್ಟಲೆ ಕಲಿತದ್ದನ್ನು ಬದಿಗಿಟ್ಟು ಬೇರೆ ಪಾತ್ರಗಳನ್ನು ಹಿಡಿಯಬೇಕಾಯಿತು. ರೋಸ್ 2021ರಲ್ಲಿ ಮರಳಿದಳು. ಗೆನ್ ಆ ಭಾಗದಲ್ಲಿ ಕಡೆಯವರೆಗೂ ಬರಲೇ ಇಲ್ಲ. ಕುಸ್ತಿಯ ಪಟ್ಟನ್ನು ಯಾವ ಸಂಸ್ಥೆಯೂ ಹಿಂತೆಗೆದುಕೊಳ್ಳಲಾರದು. ಇಲ್ಲಿ ಆಟವೂ ಪಾತ್ರವೂ ತಯಾರಕರ ಸ್ವತ್ತು. ಇದನ್ನು ಮೊಮ್ಮಗನಿಗೆ ಹೇಳಿದೆನು. ಅವನು ತಲೆಯಾಡಿಸಿ, "ಹೌದಜ್ಜಾ, ಆದ್ರ ಕೈಗೆ ಬಂದದ್ದು ಹೋಗಂಗಿಲ್ಲಲ್ಲ" ಎಂದನು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಕಡೆಗೆ ಕೊಡಲೂ ಇಲ್ಲ.

ಈ ಆಟಗಳನ್ನು ಬರಿಯ ಕಾಲಹರಣವೆನ್ನುವ ಬಂಧುಗಳಿಗಾಗಿ ಒಂದು ಮಾತು. 2022ರ ಡಿಸೆಂಬರಿನಲ್ಲಿ ಭಾರತ ಸರಕಾರವು ಇ-ಕ್ರೀಡೆಗಳನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರಿಗೆ ಪದಕವಿತ್ತು. ಭಾರತದ ಪರವಾಗಿ ಮಯಂಕ್ ಪ್ರಜಾಪತಿ ಮತ್ತು ಅಯನ್ ಬಿಸ್ವಾಸ್ ಆಡಿದರು. ಚಿನ್ನ ಗೆದ್ದ ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ಇದನ್ನೋದಿ ಯಾರೂ ಮಕ್ಕಳ ಪುಸ್ತಕಗಳನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಊಟದ ಹೊತ್ತಿಗೆ ಆಟ ನಿಲ್ಲಿಸಬೇಕೆಂಬ ನಿಯಮವನ್ನು ನಾನು ಮೊಮ್ಮಗನಿಗೆ ಹಾಕಿಯೇ ಹಾಕಿದೆನು. ಮಗಳಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲವೆಂಬುದು ಬೇರೆ ಮಾತು.

ರಜೆ ಮುಗಿದು ಅವರು ಹೊರಡುವ ಹಿಂದಿನ ಸಂಜೆ ಮೊಮ್ಮಗನು ಕಂಟ್ರೋಲರನ್ನು ನನ್ನ ಕೈಗಿಟ್ಟನು. ಗೆನ್‌ನನ್ನೇ ಆರಿಸಿದೆನು. ಮೂರು ಸುತ್ತು ಆಡಿ ಮೂರರಲ್ಲಿಯೂ ಸೋತೆನು. ಮೂರನೆಯ ಸುತ್ತಿನಲ್ಲಿ ಒಮ್ಮೆ ಮೂರು ಗುಂಡಿಗಳು ಒಟ್ಟಿಗೆ ಒತ್ತಿ ಮುದುಕನ ಭಂಗಿ ಬದಲಾಯಿತು. "ಅಜ್ಜಾ, ಬಂತು!" ಎಂದು ಮೊಮ್ಮಗ ಕೂಗಿದನು. ಮುಂದೇನು ಮಾಡಬೇಕೆಂದು ನಾನು ಕೇಳುವಷ್ಟರಲ್ಲಿ ಅವನ ಹೊಡೆತ ಬಿದ್ದಿತ್ತು.