ಅಪ್ಪುಗೆಯ ಯಂತ್ರ

ಲಸಿಕೆ ಹಾಕುವಾಗ ದನ ಕದಲದಂತೆ ಎರಡೂ ಬದಿಯಿಂದ ಒತ್ತಿ ಹಿಡಿಯುವ ಕಟಕಟೆ ಅಮೆರಿಕದ ಪಶುಪಾಲಕರಲ್ಲಿ ಇರುತ್ತದೆ. 1960ರ ದಶಕದಲ್ಲಿ ಅರಿಜೋನಾದ ಬಂಧುಗಳ ರ್‍ಯಾಂಚಿಗೆ ಹೋಗಿದ್ದ ಟೆಂಪಲ್ ಗ್ರ್ಯಾಂಡಿನ್ ಎಂಬ ಹುಡುಗಿ ಅದನ್ನು ನೋಡುತ್ತ ನಿಂತಳು. ಬೆದರಿದ ಕೆಲವು ದನಗಳು ಒತ್ತಡ ಬಿದ್ದೊಡನೆ ಶಾಂತವಾಗುತ್ತಿದ್ದವು. ಆಟಿಸಂ ಇದ್ದ ಅವಳಿಗೆ ಅಪ್ಪುಗೆ ಬೇಕಿತ್ತು, ಆದರೆ ಯಾರಾದರೂ ಅಪ್ಪಿದರೆ ಸಹಿಸಲಾಗುತ್ತಿರಲಿಲ್ಲ. ತಾನೇ ಆ ಕಟಕಟೆಯೊಳಗೆ ಹೊಕ್ಕಳು. ಸದಾ ಕಾಡುತ್ತಿದ್ದ ದಿಗಿಲು ಸ್ವಲ್ಪ ಹೊತ್ತು ಇಳಿಯಿತು.

ಮರಳಿದ ಮೇಲೆ ಪ್ಲೈವುಡ್ಡಿನಿಂದ ತನ್ನದೇ ಯಂತ್ರ ಕಟ್ಟಿದಳು. ಮನಶ್ಶಾಸ್ತ್ರಜ್ಞರಿಗೆ ಅದೊಂದು ಗೀಳಾಗಿ ಕಂಡಿತು, ಬಿಡಿಸಲು ನೋಡಿದರು. ವಿಜ್ಞಾನದ ಮೇಷ್ಟರು ವಿಲಿಯಂ ಕಾರ್ಲಾಕ್ ಮಾತ್ರ, ಅದು ಏಕೆ ನೆಮ್ಮದಿ ಕೊಡುತ್ತದೆಂದು ಪರೀಕ್ಷಿಸಿ ಕಂಡುಕೋ ಎಂದರು. ಆ ಹುಡುಗಿ ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ಗಾಢ ಒತ್ತಡ ಮನಸ್ಸನ್ನು ತಣಿಸುವ ಬಗೆಯನ್ನು ಕುರಿತು 1992ರಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು.

ಸುಧಾರಿಸಿದ ಯಂತ್ರದಲ್ಲಿದ್ದದ್ದು ಮೆತ್ತೆ ಹೊದಿಸಿದ ಎರಡು ಹಲಗೆ, ಗಾಳಿಯ ಒತ್ತಡ, ಒಂದು ಹಿಡಿಕೆ. ಹಿಡಿಕೆ ಒಳಗಿದ್ದವರ ಕೈಯಲ್ಲೇ ಇತ್ತು. ಎಷ್ಟು ಬಿಗಿ, ಎಷ್ಟು ಹೊತ್ತು, ಯಾವಾಗ ಸಾಕು, ಎಲ್ಲವೂ ಅವರದೇ ತೀರ್ಮಾನ. ಮನುಷ್ಯರು ಅಪ್ಪುವಾಗ ಕೇಳಲು ಮರೆಯುವುದೂ ಇದನ್ನೇ.

ಯಂತ್ರ ಕೆಟ್ಟು ಎರಡು ವರ್ಷವಾಯಿತು, ರಿಪೇರಿ ಮಾಡಿಕೊಂಡಿಲ್ಲ, ಈಗ ಜನರನ್ನೇ ಅಪ್ಪಿಕೊಳ್ಳುತ್ತೇನೆ ಎಂದು 2010ರಲ್ಲಿ ಗ್ರ್ಯಾಂಡಿನ್ ಹೇಳಿದರು. ಆಗ ಅವರಿಗೆ ಅರವತ್ತು ದಾಟಿತ್ತು.