ಉಪ್ಪು, ನೀರು, ನೆತ್ತರು

ಉಪ್ಪಿನ ವಿಷಯದಲ್ಲಿ ನಮ್ಮ ಹಿರಿಯರು ಎರಡು ಗಾದೆಗಳನ್ನು ಹೇಳುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ ಎಂಬುದೊಂದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಇನ್ನೊಂದು. ಎರಡನೆಯದನ್ನು ನಾವು ನೀತಿಯ ಮಾತಾಗಿ ಬಳಸುತ್ತೇವೆ. ಅದು ದೇಹಧರ್ಮದ ಮಾತೂ ಹೌದು. ಮೈಯಲ್ಲಿ ಉಳಿದ ಉಪ್ಪು ನೀರನ್ನು ಹಿಡಿದಿಡುತ್ತದೆ. ಆ ನೀರಿನಿಂದ ನೆತ್ತರಿನ ಮೊತ್ತ ಹೆಚ್ಚಿ, ನಾಳಗಳ ಮೇಲಣ ಒತ್ತಡ ಏರುತ್ತದೆ. ಈ ಸಂಬಂಧವನ್ನು ವೈದ್ಯರು ಅರಿತುಕೊಂಡ ಕಥೆ ದೀರ್ಘವಾದದ್ದು.

ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಪಾದರಸದ ಉಪಕರಣವನ್ನು ಇಟಲಿಯ ರೀವಾ-ರೋಚಿ 1896ರಲ್ಲಿ ಬಳಕೆಗೆ ತಂದರು. ಅಳತೆ ಬಂದ ಮೇಲೆ ವಿಚಾರವೂ ಬಂದಿತು. ಉಪ್ಪನ್ನು ಕಡಿಮೆ ಮಾಡಿದರೆ ಒತ್ತಡ ಇಳಿಯುವುದನ್ನು ಫ್ರಾನ್ಸಿನ ಆಂಬಾರ್ ಮತ್ತು ಬೊಜಾರ್ 1904ರಲ್ಲೇ ತಿಳಿಸಿದರು. ಆ ಮಾತು ಬಹುಕಾಲ ಮೂಲೆಗೆ ಬಿದ್ದಿತು.

ತೀವ್ರ ರಕ್ತದೊತ್ತಡಕ್ಕೆ ಆಗ ತಕ್ಕ ಮದ್ದಿರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರೇ 1945ರಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅದೇ ಕಾಲದಲ್ಲಿ, ನಾಜಿ ಜರ್ಮನಿಯನ್ನು ತೊರೆದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವನ್ನು ಸೇರಿದ್ದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆಗಳನ್ನಷ್ಟೇ ಕೊಡುತ್ತಿದ್ದರು, ಉಪ್ಪನ್ನು ಬೆರೆಸುವಂತಿರಲಿಲ್ಲ. 1942ರಲ್ಲಿ ಒಬ್ಬ ಹೆಂಗಸಿಗೆ ಎರಡು ವಾರ ಬಿಟ್ಟು ಬರಲು ಹೇಳಿದರಂತೆ. ಅವರ ಜರ್ಮನ್ ಉಚ್ಚಾರಣೆಯನ್ನು ತಪ್ಪಾಗಿ ಗ್ರಹಿಸಿದ ಆಕೆ ಪಥ್ಯವನ್ನು ಬಿಡದೆ ಎರಡು ತಿಂಗಳ ಮೇಲೆ ಬಂದಳು. ಒತ್ತಡ ಇಳಿದಿತ್ತು, ಕಣ್ಣಿನೊಳಗಣ ರಕ್ತಸ್ರಾವ ಮಾಯವಾಗಿತ್ತು, ಹಿಗ್ಗಿದ್ದ ಹೃದಯ ಕುಗ್ಗಿತ್ತು.

ಪಥ್ಯ ಪಡೆಯದವರೊಡನೆ ಹೋಲಿಸಿ ನೋಡಿಲ್ಲವೆಂದು ಇತರ ವೈದ್ಯರು ಆಕ್ಷೇಪಿಸಿದರು. ಪ್ರೋಟೀನು ಕಡಿಮೆಯಾದುದೇ ಕಾರಣವೆಂದು ಕೆಂಪ್ನರ್ ಭಾವಿಸಿದ್ದರು. ಉಪ್ಪಿನೊಳಗಣ ಸೋಡಿಯಂ ತಗ್ಗಿದುದೇ ಮುಖ್ಯವೆಂದು ಗ್ರೋಲ್‌ಮನ್ ಮತ್ತು ಸಂಗಡಿಗರು 1945ರಲ್ಲಿ ತೋರಿಸಿದರು.

ಆದರೆ ಮೊದಲನೆಯ ಗಾದೆಯೇ ಅಡ್ಡ ನಿಂತಿತು. ಸಪ್ಪೆ ಅನ್ನವನ್ನು ತಿಂಗಳುಗಟ್ಟಲೆ ಉಣ್ಣಬಲ್ಲವರು ಎಷ್ಟು ಮಂದಿ? 1950ರ ದಶಕದ ಕೊನೆಗೆ ಥಯಾಜೈಡ್ ಮಾತ್ರೆಗಳು ಬಂದುವು. ಅವು ಉಪ್ಪನ್ನು ಮೂತ್ರದ ಮೂಲಕ ಹೊರಹಾಕಿಸುತ್ತವೆ. ನಾಲಗೆ ಒಲ್ಲದ ಕೆಲಸ ಮೂತ್ರಪಿಂಡದ ಪಾಲಿಗೆ ಬಂದಿತು. ಪಥ್ಯ ಹಿಂದೆ ಸರಿಯಿತು.

ಅಷ್ಟು ಕಠಿಣ ವ್ರತ ಬೇಕಿಲ್ಲವೆಂಬುದು ಆಮೇಲೆ ತಿಳಿಯಿತು. 412 ಜನರಿಗೆ ಮೂರು ಪ್ರಮಾಣಗಳಲ್ಲಿ ಉಪ್ಪನ್ನು ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆಯೊಂದರ ಫಲ 2001ರಲ್ಲಿ ಪ್ರಕಟವಾಯಿತು: ಉಪ್ಪು ಇಳಿದಂತೆ ಒತ್ತಡವೂ ಇಳಿದಿತ್ತು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಟೀ ಚಮಚಕ್ಕೂ ಕಡಿಮೆ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಎಲೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಇದು ವೈದ್ಯರು ಕೊಟ್ಟ ಮಾತ್ರೆಗೆ ಬದಲಲ್ಲ, ಅದರ ಜೊತೆಗಾರ.

ಉಪ್ಪಿಗಿಂತ ರುಚಿಯಿಲ್ಲವೆಂಬುದು ನಿಜವೇ. ಆದರೆ ಎಷ್ಟು ಉಪ್ಪು ರುಚಿ ಎಂಬುದು ನಾಲಗೆಗೆ ಅಭ್ಯಾಸದಿಂದ ಬಂದದ್ದು. ಮೆಲ್ಲಮೆಲ್ಲನೆ ತಗ್ಗಿಸುತ್ತ ಹೋದರೆ, ಕೆಲವು ತಿಂಗಳಲ್ಲಿ ಹಿಂದಿನ ಸಾರೇ ಉಪ್ಪೆನಿಸುತ್ತದೆ.